ರಸಭರಿತ ಗಿಡಗಳ ಕೀಟ ಮತ್ತು ರೋಗಗಳು: ಗುರುತು, ಚಿಕಿತ್ಸೆ ಹಾಗೂ ದಾಸ್ತಾನಿನ ಲೆಕ್ಕ

ಅಂಗೈಯಗಲದ ಕುಂಡದಲ್ಲಿ ಬೆಳೆಯುವ ದಪ್ಪ ಎಲೆಯ ಗಿಡಗಳು ಇಂದು ನಮ್ಮ ನಗರಗಳಲ್ಲಿ ಒಂದು ವ್ಯಾಪಾರದ ಸರಕಾಗಿವೆ. ಸಕ್ಯುಲೆಂಟ್ ಎಂದು ಕರೆಯಲ್ಪಡುವ ಈ ರಸಭರಿತ ಗಿಡಗಳನ್ನು ನರ್ಸರಿಯವರಷ್ಟೇ ಅಲ್ಲದೆ ಉಡುಗೊರೆ ಅಂಗಡಿಯವರು, ಪಿಂಗಾಣಿ ಮತ್ತು ಮಣ್ಣಿನ ಕುಂಡ ತಯಾರಕರು, ಕಚೇರಿಗಳ ಒಳಾಂಗಣ ಅಲಂಕಾರದ ಗುತ್ತಿಗೆದಾರರು ಕೂಡ ಮಾರುತ್ತಿದ್ದಾರೆ. ಮದುವೆಯ ತಾಂಬೂಲದೊಡನೆ, ದೀಪಾವಳಿಯ ಕಾಣಿಕೆಯಾಗಿ, ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಇವುಗಳನ್ನು ಹಂಚುವ ಪದ್ಧತಿಯೂ ಬೆಳೆದಿದೆ. ಹೂಡಿಕೆ ಕಡಿಮೆ, ನೀರಿನ ಖರ್ಚು ಕಡಿಮೆ, ಲಾಭದ ಅಂತರ ಹೆಚ್ಚು ಎಂಬ ಕಾರಣದಿಂದ ಸಣ್ಣ ಬಂಡವಾಳದವರು, ವಿಶೇಷವಾಗಿ ಮನೆಯಿಂದಲೇ ವ್ಯಾಪಾರ ನಡೆಸುವ ಮಹಿಳೆಯರು, ಈ ಕ್ಷೇತ್ರಕ್ಕೆ ಬಂದಿದ್ದಾರೆ.

ಆದರೆ ಈ ಸರಕಿಗೆ ಒಂದು ವಿಶೇಷ ಗುಣವಿದೆ. ಬಟ್ಟೆಯ ಥಾನಿನಂತೆಯೋ ಸ್ಟೀಲ್ ಪಾತ್ರೆಯಂತೆಯೋ ಇದು ಕಪಾಟಿನಲ್ಲಿ ಸುಮ್ಮನೆ ಇರುವುದಿಲ್ಲ. ಇದು ಜೀವಂತ ದಾಸ್ತಾನು. ಒಂದು ಕುಂಡದಲ್ಲಿ ಸೇರಿದ ಕೀಟ ಪಕ್ಕದ ಕುಂಡಕ್ಕೆ ದಾಟುತ್ತದೆ. ಒಂದು ಬೇರಿನ ಕೊಳೆ ನೀರಿನ ತಟ್ಟೆಯ ಮೂಲಕ ಇಡೀ ಸಾಲಿಗೆ ಹರಡುತ್ತದೆ. ಹಬ್ಬದ ಬೇಡಿಕೆಗೆಂದು ಸಾಲ ಮಾಡಿ ತಂದ ಗಿಡಗಳು ಹಬ್ಬಕ್ಕೆ ಎರಡು ವಾರ ಮುಂಚೆ ಕೊಳೆಯಲಾರಂಭಿಸಿದರೆ ಸಣ್ಣ ವರ್ತಕನ ವರ್ಷದ ಲಾಭವೆಲ್ಲ ಅಲ್ಲಿಗೇ ಮುಗಿಯುತ್ತದೆ. ಲೆಕ್ಕಪತ್ರಗಳನ್ನು ಪರಿಶೀಲಿಸುವ ವೃತ್ತಿಯವನಾಗಿ ನಾನು ಗಮನಿಸಿರುವಂತೆ, ಈ ನಷ್ಟದ ಬಹುಪಾಲು ತಪ್ಪಾಗಿ ಗುರುತಿಸಿ ತಪ್ಪು ಔಷಧ ಹಾಕಿದುದರ ಫಲ. ಆದುದರಿಂದ ಈ ಗಿಡಗಳ ಕಾಯಿಲೆಗಳನ್ನು ಗುರುತಿಸುವ ಕ್ರಮ, ಅವುಗಳ ಚಿಕಿತ್ಸೆ ಮತ್ತು ಅದಕ್ಕೆ ಸಂಬಂಧಿಸಿದ ಲೆಕ್ಕದ ವಿಚಾರಗಳನ್ನು ಸದಸ್ಯ ವರ್ತಕರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಲಾಗಿದೆ.

ಗಿಡದ ಸ್ವಭಾವ

ಲೋಳೆಸರ, ಕತ್ತಾಳೆ, ಕಾಡುಬಸಳೆ, ಪಾಪಾಸುಕಳ್ಳಿ ಇವು ನಮಗೆ ಪರಿಚಿತವಾದ ರಸಭರಿತ ಗಿಡಗಳು. ಮಾರುಕಟ್ಟೆಯಲ್ಲಿ ಹೆಚ್ಚು ಮಾರಾಟವಾಗುವ ಎಚೆವೇರಿಯಾ ಮೆಕ್ಸಿಕೋ ಮೂಲದ್ದು; ಹಾವೋರ್ಥಿಯಾ ಮತ್ತು ಜೇಡ್ ಗಿಡ ದಕ್ಷಿಣ ಆಫ್ರಿಕದವು; ಕಲಂಚೋ ಜಾತಿಯ ಅನೇಕ ಗಿಡಗಳು ಮಡಗಾಸ್ಕರದವು. ಮಳೆ ಕಡಿಮೆ ಇರುವ, ನೀರು ಬೇಗ ಬಸಿದುಹೋಗುವ ಕಲ್ಲುನೆಲದಲ್ಲಿ ಇವು ಬೆಳೆದುಬಂದವು. ಸಿಕ್ಕಾಗ ನೀರನ್ನು ಎಲೆ, ಕಾಂಡ ಅಥವಾ ಬೇರಿನಲ್ಲಿ ಕೂಡಿಟ್ಟುಕೊಂಡು ಬರಗಾಲದಲ್ಲಿ ಖರ್ಚು ಮಾಡುವುದು ಇವುಗಳ ಜೀವನಕ್ರಮ. ಇತರ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದರೆ, ಇವುಗಳಲ್ಲಿ ಬಹುತೇಕ ಗಿಡಗಳು ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ಸೇರಿಸಿಕೊಳ್ಳುತ್ತವೆ. ಹೀಗೆ ನೀರಿನ ಸೋರಿಕೆಯನ್ನು ತಡೆಯುತ್ತವೆ.

ಈ ಸ್ವಭಾವದಿಂದ ಎರಡು ಮುಖ್ಯ ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಇವುಗಳ ಬೇರಿಗೆ ನೀರಿಗಿಂತ ಗಾಳಿಯ ಅಗತ್ಯ ಹೆಚ್ಚು. ಎರಡನೆಯದು, ಒಳಗೆ ದಾಸ್ತಾನು ಇರುವುದರಿಂದ ಗಿಡ ಬಹಳ ಕಾಲ ತನ್ನ ಕಾಯಿಲೆಯನ್ನು ತೋರಗೊಡುವುದಿಲ್ಲ. ಬೇರೆಲ್ಲ ಹೋದ ಗಿಡವೂ ಕೆಲವು ವಾರ ಚೆನ್ನಾಗಿಯೇ ಕಾಣುತ್ತದೆ. ಎಲೆಯ ಮೇಲೆ ಲಕ್ಷಣ ಕಾಣುವ ಹೊತ್ತಿಗೆ ಕಾಯಿಲೆ ಹಳೆಯದಾಗಿರುತ್ತದೆ.

ಪರೀಕ್ಷೆಯ ಕ್ರಮ

ಗಿಡ ಬಾಡಿದೆ ಎಂದು ಕಂಡೊಡನೆ ಔಷಧದ ಬಾಟಲಿಯನ್ನು ಕೈಗೆತ್ತಿಕೊಳ್ಳುವ ಬದಲು ಕೆಳಗಿನ ಕ್ರಮದಲ್ಲಿ ಪರೀಕ್ಷಿಸುವುದು ಒಳ್ಳೆಯದು.

1. ಮೊದಲು ಗಿಡವನ್ನು ಇತರ ಗಿಡಗಳಿಂದ ದೂರ ಇಡಬೇಕು.

2. ಕುಂಡವನ್ನು ಕೈಯಲ್ಲಿ ಎತ್ತಿ ಭಾರ ನೋಡಬೇಕು. ಒಂದು ಒಣ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆದು ತೇವವಿದೆಯೇ ಎಂದು ಪರಿಶೀಲಿಸಬೇಕು.

3. ಎಲೆಗಳ ಸಂದು, ಎಲೆಯ ಅಡಿಭಾಗ, ಬೆಳೆಯುವ ಕುಡಿ ಮತ್ತು ಹೂಗೊಂಚಲನ್ನು ಭೂತಗನ್ನಡಿಯಿಂದ ನೋಡಬೇಕು. ಗಡಿಯಾರ ರಿಪೇರಿಯವರು ಬಳಸುವ ಹತ್ತು ಪಟ್ಟಿನ ಮಸೂರ ಸಾಕು.

4. ಗಿಡವನ್ನು ಬಿಳಿಯ ಹಾಳೆಯ ಮೇಲೆ ಹಿಡಿದು ಮೆಲ್ಲನೆ ತಟ್ಟಬೇಕು. ಹಾಳೆಯ ಮೇಲೆ ಬಿದ್ದ ಚುಕ್ಕೆಗಳು ನಡೆದಾಡಿದರೆ ಅದು ನುಸಿಯ ಗುರುತು.

5. ಮೇಲಿನ ಯಾವುದರಿಂದಲೂ ಕಾರಣ ತಿಳಿಯದಿದ್ದರೆ ಗಿಡವನ್ನು ಕುಂಡದಿಂದ ಹೊರತೆಗೆದು ಬೇರನ್ನು ನೋಡಬೇಕು. ಆರೋಗ್ಯವಂತ ಬೇರು ಬಿಳಿ ಅಥವಾ ತಿಳಿಕಂದು ಬಣ್ಣದಲ್ಲಿದ್ದು ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿಬರುತ್ತದೆ.

ಇದರಲ್ಲಿ ಒಂದು ಅಂಶವನ್ನು ವಿಶೇಷವಾಗಿ ನೆನಪಿಡಬೇಕು. ಎಲೆ ಸುಕ್ಕುಗಟ್ಟಿದ್ದು ಮಣ್ಣು ಒಣಗಿದ್ದರೆ ಗಿಡಕ್ಕೆ ನೀರು ಬೇಕಾಗಿದೆ. ಎಲೆ ಸುಕ್ಕುಗಟ್ಟಿದ್ದು ಮಣ್ಣು ತೇವವಾಗಿದ್ದರೆ ನೀರನ್ನು ಹೀರುವ ಬೇರೇ ಇಲ್ಲವೆಂದು ಅರ್ಥ. ಎರಡನ್ನೂ ಒಂದೇ ಎಂದು ಭಾವಿಸಿ ಮತ್ತಷ್ಟು ನೀರು ಹಾಕುವುದೇ ಈ ವ್ಯಾಪಾರದಲ್ಲಿ ಅತ್ಯಂತ ಸಾಮಾನ್ಯವಾದ ನಷ್ಟದ ಕಾರಣ.

ಕಾಯಿಲೆಯಲ್ಲದ ಲಕ್ಷಣಗಳು

ಕೆಲವು ಲಕ್ಷಣಗಳನ್ನು ಕಾಯಿಲೆಯೆಂದು ತಿಳಿದು ಔಷಧಕ್ಕೆ ಹಣ ಹಾಕುವವರಿದ್ದಾರೆ. ಅವುಗಳನ್ನು ಮೊದಲು ಬೇರ್ಪಡಿಸಬೇಕು.

ಎಚೆವೇರಿಯಾ ಎಲೆಯ ಮೇಲೆ ಕಾಣುವ ಬೂದಿಯಂತಹ ಸಮನಾದ ಲೇಪ ಗಿಡವೇ ತಯಾರಿಸಿದ ಮೇಣ. ಅದು ಬಿಸಿಲಿನಿಂದಲೂ ನೀರಿನಿಂದಲೂ ಎಲೆಯನ್ನು ಕಾಯುತ್ತದೆ. ಒರೆಸಿದರೆ ಆ ಎಲೆಯ ಮೇಲೆ ಮತ್ತೆ ಬರುವುದಿಲ್ಲ. ಸರಕಿನ ಅಂದವೂ ಕೆಡುತ್ತದೆ. ಬಿಳಿ ಪುಡಿ ದುಂಡುದುಂಡಾದ ಮಚ್ಚೆಗಳಾಗಿ ಅಲ್ಲಲ್ಲಿ ಮಾತ್ರ ಇದ್ದರೆ ಅದು ಬೂದಿರೋಗ. ಹತ್ತಿಯಂತೆ ಎಲೆಯ ಸಂದಿನಲ್ಲಿ ಮುದ್ದೆಯಾಗಿದ್ದರೆ ಹಿಟ್ಟು ತಿಗಣೆ.

ಅತ್ಯಂತ ಕೆಳಗಿನ ಎಲೆಗಳು ಒಂದೊಂದಾಗಿ ಕಾಗದದಂತೆ ಒಣಗುವುದು ಸಹಜ. ಅವೇ ಎಲೆಗಳು ಹಳದಿಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಉದುರಿದರೆ ಅದು ಅತಿನೀರಿನ ಫಲ. ಬಿಸಿಲು ಬೀಳುವ ಕಡೆಗೆ ಮಾತ್ರ ಬಿಳಿ ಅಥವಾ ಕಂದು ತೇಪೆ ಕಂಡು, ದಿನ ಕಳೆದರೂ ಅದು ಹರಡದಿದ್ದರೆ ಅದು ಬಿಸಿಲಿನ ಸುಟ್ಟಗಾಯ. ನೆರಳುಬಲೆಯ ಕೆಳಗೆ ಬೆಳೆದ ಗಿಡವನ್ನು ಒಮ್ಮೆಲೇ ಅಂಗಡಿಯ ಮುಂದಿನ ಬಿಸಿಲಿಗೆ ಇಟ್ಟಾಗ ಹೀಗಾಗುತ್ತದೆ. ಗಿಡ ಉದ್ದುದ್ದಕ್ಕೆ ಬೆಳೆದು ಎಲೆಗಳ ನಡುವೆ ಅಂತರ ಹೆಚ್ಚಿದರೆ ಬೆಳಕಿನ ಕೊರತೆ. ಇನ್ನು ಕತ್ತಾಳೆಯ ಜಾತಿಯ ಗಿಡಗಳಲ್ಲಿ ಹೆಚ್ಚಿನವು ಒಮ್ಮೆ ಹೂಬಿಟ್ಟು ಸಾಯುತ್ತವೆ. ಅದಕ್ಕೆ ಔಷಧವಿಲ್ಲ, ಬುಡದ ಮರಿಗಳನ್ನು ಬೇರ್ಪಡಿಸಿ ನೆಡುವುದೇ ಸರಿಯಾದ ದಾರಿ.

ತಪ್ಪು ಗುರುತಿನ ಒಂದು ಹಳೆಯ ವ್ಯಾಪಾರ

ಕೀಟವನ್ನು ಸರಿಯಾಗಿ ಗುರುತಿಸುವುದು ವಿಜ್ಞಾನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ ಎಂಬುದಕ್ಕೆ ನಮ್ಮ ದೇಶದ ವಾಣಿಜ್ಯ ಚರಿತ್ರೆಯಲ್ಲೇ ಒಂದು ನಿದರ್ಶನವಿದೆ. ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿದರೆ ಕಾರ್ಮೈನ್ ಎಂಬ ಕಡುಗೆಂಪು ಬಣ್ಣ ದೊರೆಯುತ್ತದೆ. ಮೆಕ್ಸಿಕೋವನ್ನು ಆಳುತ್ತಿದ್ದ ಸ್ಪೇನ್ ದೇಶವು ಈ ಬಣ್ಣದ ವ್ಯಾಪಾರವನ್ನು ದೀರ್ಘಕಾಲ ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು. ಅದನ್ನು ಮುರಿಯಬೇಕೆಂಬ ಆಸೆಯಿಂದ 1795ರಲ್ಲಿ ಬ್ರೆಜಿಲಿನಿಂದ ಬಂಗಾಳಕ್ಕೆ ಈ ಕೀಟವನ್ನು ತರಲಾಯಿತು. ಆದರೆ ಬಂದದ್ದು ಬಣ್ಣದ ಕೀಟವಲ್ಲ, ಅದರ ದಾಯಾದಿಯಾದ ಬೇರೊಂದು ಜಾತಿ. ಅದರಿಂದ ಉತ್ತಮ ಬಣ್ಣ ದೊರೆಯಲಿಲ್ಲ. ಬದಲಾಗಿ ಅದು ತಾನು ಬದುಕಬೇಕಾದ ಕಳ್ಳಿಯನ್ನೇ ತಿಂದು ನಾಶಮಾಡಿತು. ಬಂಡವಾಳ ಹೋಯಿತು, ಬೇಲಿಯ ಕಳ್ಳಿಯೂ ಹೋಯಿತು.

ಇದೇ ಕೀಟವನ್ನು 1836ರಿಂದ 1838ರ ಅವಧಿಯಲ್ಲಿ ಕಳ್ಳಿಯ ಕಳೆಯನ್ನು ನಿಯಂತ್ರಿಸಲೆಂದು ದಕ್ಷಿಣ ಭಾರತಕ್ಕೆ ತರಲಾಯಿತು. ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ಹತೋಟಿಗೆ ತಂದಿತು. ಇನ್ನೊಂದು ಜಾತಿಯನ್ನು ಮುಟ್ಟಲೇ ಇಲ್ಲ. ಆ ಇನ್ನೊಂದು ಜಾತಿಗಾಗಿ 1926ರಲ್ಲಿ ಮತ್ತೊಂದು ಬಗೆಯ ಕೊಚಿನೀಲ್ ಕೀಟವನ್ನು ತರಬೇಕಾಯಿತು. ಹೊರಗಣ್ಣಿಗೆ ಒಂದೇ ರೀತಿ ಕಾಣುವ ಎರಡು ಬಿಳಿಯ ಹುಳುಗಳ ನಡುವಿನ ವ್ಯತ್ಯಾಸಕ್ಕೆ ಎಷ್ಟು ಬೆಲೆಯಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇಂದಿಗೂ ಕಳ್ಳಿಯ ಮೇಲಿನ ಹತ್ತಿಯಂತಹ ಮುದ್ದೆಯನ್ನು ಕಡ್ಡಿಯಿಂದ ಒತ್ತಿದಾಗ ಕಡುಗೆಂಪು ರಸ ಬಂದರೆ ಅದು ಕೊಚಿನೀಲ್ ಎಂದು ತಿಳಿಯಬೇಕು.

ಮುಖ್ಯ ಕೀಟಗಳು ಮತ್ತು ಚಿಕಿತ್ಸೆ

ಹಿಟ್ಟು ತಿಗಣೆ: ರಸಭರಿತ ಗಿಡಗಳ ಪ್ರಥಮ ಶತ್ರು ಇದು. ಎಲೆಯ ಸಂದಿನಲ್ಲಿ ಕುಳಿತು ರಸ ಹೀರುತ್ತದೆ. ಸಿಹಿಯಾದ ಅಂಟನ್ನು ಸ್ರವಿಸುತ್ತದೆ. ಆ ಅಂಟಿಗೆ ಇರುವೆಗಳು ಬರುತ್ತವೆ, ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆಗಳು ತಿಗಣೆಯನ್ನು ಅದರ ಶತ್ರುಗಳಿಂದ ಕಾಯುತ್ತವೆ. ಆದುದರಿಂದ ಕುಂಡಗಳ ಸಾಲಿನಲ್ಲಿ ಇರುವೆ ಕಂಡರೆ ಅದನ್ನೇ ಮೊದಲ ಎಚ್ಚರಿಕೆಯೆಂದು ಭಾವಿಸಬೇಕು. ಹೆಣ್ಣು ತಿಗಣೆ ಹತ್ತಿಯಂತಹ ಚೀಲದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಔಷಧ ಮೊಟ್ಟೆಯ ಒಳಗೆ ಇಳಿಯುವುದು ಕಷ್ಟ. ಹೀಗಾಗಿ ಒಂದು ಸಲದ ಚಿಕಿತ್ಸೆ ಚಿಕಿತ್ಸೆಯೇ ಅಲ್ಲ.

ಹತ್ತಾರು ಗಿಡಗಳಿಗೆ ಮಾತ್ರ ತಗುಲಿದ್ದರೆ ಔಷಧ ಅಂಗಡಿಯಲ್ಲಿ ದೊರೆಯುವ ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತಿಕಡ್ಡಿಯನ್ನು ಅದ್ದಿ ಪ್ರತಿಯೊಂದು ತಿಗಣೆಯನ್ನೂ ಮುಟ್ಟಿಸಿದರೆ ಅದು ಸಾಯುತ್ತದೆ. ಇದು ಬೇಗ ಬೆಂಕಿ ಹತ್ತುವ ದ್ರವವಾದುದರಿಂದ ದೀಪ, ಒಲೆಗಳಿಂದ ದೂರವಿಟ್ಟು ಬಳಸಬೇಕು. ಏಳರಿಂದ ಹತ್ತು ದಿನಗಳ ಅಂತರದಲ್ಲಿ ಮೂರು ಅಥವಾ ನಾಲ್ಕು ಸಲ ಪುನರಾವರ್ತಿಸಬೇಕು. ಹೆಚ್ಚು ಗಿಡಗಳಿದ್ದರೆ ಒಂದು ಲೀಟರ್ ನೀರಿಗೆ 2ರಿಂದ 3 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಡನೆ ಕದಡಿ ಸಂಜೆಯ ವೇಳೆ ಸಿಂಪಡಿಸಬಹುದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿರುವ ಬೇವಿನ ಸೋಪು ಮತ್ತು ಹೊಂಗೆ ಸೋಪುಗಳು ಇಂತಹ ರಸ ಹೀರುವ ಕೀಟಗಳಿಗೆ ಉಪಯುಕ್ತ. ಆದರೆ ಎಣ್ಣೆ ಮತ್ತು ಸೋಪು ಎಚೆವೇರಿಯಾದ ಮೇಣವನ್ನು ಕಳೆಯುತ್ತವೆ. ಜೇಡ್ ಗಿಡದ ಎಲೆಗಳು ಸೋಪಿಗೆ ಸುಲಭವಾಗಿ ಹಾನಿಗೊಳ್ಳುತ್ತವೆ. ಯಾವುದೇ ದ್ರಾವಣವನ್ನು ಮೊದಲು ಒಂದೆರಡು ಗಿಡಗಳ ಮೇಲೆ ಪ್ರಯೋಗಿಸಿ, ಮೂರು ದಿನ ಕಾದು, ಬಳಿಕ ಉಳಿದವಕ್ಕೆ ಬಳಸುವುದು ಕ್ಷೇಮ.

ಬೇರಿನ ಹಿಟ್ಟು ತಿಗಣೆ: ಇದು ಮಣ್ಣಿನೊಳಗೆ ಇರುವುದರಿಂದ ಮೇಲೆ ಏನೂ ಕಾಣುವುದಿಲ್ಲ. ಗಿಡ ತಿಂಗಳುಗಟ್ಟಲೆ ಬೆಳೆಯದೆ ನಿಂತಿದ್ದರೆ ಸಂಶಯಪಡಬೇಕು. ಕುಂಡದಿಂದ ತೆಗೆದಾಗ ಬೇರಿನ ಮೇಲೂ ಕುಂಡದ ಒಳಗೋಡೆಯ ಮೇಲೂ ಬಿಳಿಯ ಹಿಟ್ಟು ಕಾಣುತ್ತದೆ. ಮಣ್ಣಿಗೆ ಬೆರೆಸುವ ಪರ್ಲೈಟ್ ಕಾಳನ್ನು ಇದೆಂದು ತಪ್ಪು ತಿಳಿಯಬಾರದು; ಪರ್ಲೈಟ್ ಒತ್ತಿದರೆ ಪುಡಿಯಾಗುತ್ತದೆ, ತಿಗಣೆ ಜಿಡ್ಡಾಗಿ ಅಂಟುತ್ತದೆ. ಹಳೆಯ ಮಣ್ಣನ್ನು ಪೂರ್ತಿಯಾಗಿ ತೆಗೆದು ಬಿಸಾಡಿ, ಬೇರನ್ನು ಹರಿಯುವ ನೀರಿನಲ್ಲಿ ತೊಳೆದು, ಕೀಟನಾಶಕದ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು. ಹಳೆಯ ಕುಂಡವನ್ನು ಕುದಿಯುವ ನೀರಿನಲ್ಲಿ ತೊಳೆಯದೆ ಮರುಬಳಕೆ ಮಾಡಬಾರದು. ಕುಂಡಗಳನ್ನು ಒಂದೇ ತಟ್ಟೆಯ ನೀರಿನಲ್ಲಿ ನಿಲ್ಲಿಸುವ ಪದ್ಧತಿಯಿಂದ ಇದು ಬೇಗ ಹರಡುತ್ತದೆ.

ಶಲ್ಕ ಕೀಟ: ಕಾಂಡ ಮತ್ತು ಎಲೆಯ ಮೇಲೆ ಕಂದು ಅಥವಾ ಬೂದು ಬಣ್ಣದ ಸಣ್ಣ ಚಿಪ್ಪುಗಳಂತೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಎದ್ದುಬರುತ್ತದೆ; ಗಿಡದ ಸಹಜ ಮಚ್ಚೆ ಎದ್ದುಬರುವುದಿಲ್ಲ. ಚಿಪ್ಪಿನ ಕೆಳಗೆ ಔಷಧ ಹೋಗದು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು ಬಳಿಕ ಮೇಲೆ ಹೇಳಿದ ಚಿಕಿತ್ಸೆ ಮಾಡಬೇಕು.

ಜೇಡ ನುಸಿ: ಫೆಬ್ರವರಿಯಿಂದ ಮೇ ತಿಂಗಳವರೆಗಿನ ಒಣ ಬಿಸಿಲಿನಲ್ಲಿ ಇದರ ಹಾವಳಿ ಹೆಚ್ಚು. ಕುಡಿಯ ಸುತ್ತ ಸಣ್ಣ ಬಲೆ, ಎಲೆಯ ಮೇಲೆ ತುಕ್ಕಿನಂತಹ ಕಂದು ಬಣ್ಣ ಕಾಣುತ್ತದೆ. ಇಲ್ಲಿಯೇ ತಪ್ಪು ಗುರುತು ಹೆಚ್ಚು ದುಬಾರಿಯಾಗುವುದು. ನುಸಿಯು ಕೀಟವಲ್ಲ, ಜೇಡದ ಸಂಬಂಧಿ. ಇಮಿಡಾಕ್ಲೋಪ್ರಿಡ್ ಮೊದಲಾದ ಕೀಟನಾಶಕಗಳು ಇದನ್ನು ಕೊಲ್ಲುವುದಿಲ್ಲ. ನುಸಿಯನ್ನು ತಿನ್ನುವ ಉಪಕಾರಿ ಜೀವಿಗಳನ್ನು ಕೊಂದು ನುಸಿಗೆ ಅನುಕೂಲ ಮಾಡಿಕೊಡುವ ಸಾಧ್ಯತೆಯೂ ಇದೆ. ನೀರಿನ ರಭಸದಿಂದ ತೊಳೆಯುವುದು ಮೊದಲ ಚಿಕಿತ್ಸೆ. ಬಳಿಕ ನೀರಿನಲ್ಲಿ ಕರಗುವ ಗಂಧಕವನ್ನು ಲೇಬಲ್ಲಿನ ಪ್ರಮಾಣದಂತೆ ಸಂಜೆ ಸಿಂಪಡಿಸಬಹುದು. ಕಡುಬಿಸಿಲಿನಲ್ಲಿ ಗಂಧಕ ಎಲೆಯನ್ನು ಸುಡುತ್ತದೆ. ಎಣ್ಣೆ ಸಿಂಪಡಿಸಿದ ಎರಡು ವಾರಗಳೊಳಗೂ ಇದನ್ನು ಬಳಸಬಾರದು. ಹಿಂದೆ ನುಸಿಗೆಂದು ಧಾರಾಳವಾಗಿ ಮಾರಲಾಗುತ್ತಿದ್ದ ಡೈಕೋಫಾಲ್ 2023ರಲ್ಲಿ ನಿಷೇಧಕ್ಕೊಳಗಾಗಿದೆ. ಹಳೆಯ ಬಾಟಲಿ ಉಳಿದಿದ್ದರೂ ಬಳಸಬಾರದು.

ಮಣ್ಣಿನ ಸಣ್ಣ ನೊಣ: ಕುಂಡದ ಸುತ್ತ ಕಪ್ಪು ಗುಂಗುರುಗಳು ಹಾರಾಡಿದರೆ ಮಣ್ಣು ಸದಾ ತೇವವಾಗಿದೆ ಎಂದರ್ಥ. ಇದರ ಮರಿಗಳು ಎಳೆಯ ಬೇರನ್ನು ತಿನ್ನುತ್ತವೆ. ಹಳದಿ ಅಂಟುಪಟ್ಟಿಯನ್ನು ನೆಟ್ಟು, ಮಣ್ಣಿನ ಮೇಲ್ಪದರವನ್ನು ಒಣಗಲು ಬಿಟ್ಟರೆ ಬಹುಪಾಲು ಕಡಿಮೆಯಾಗುತ್ತದೆ.

ಕೊಳೆ ರೋಗಗಳು

ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ನಷ್ಟಕ್ಕೆ ಮುಖ್ಯ ಕಾರಣ ಕೊಳೆ. ಪಿಥಿಯಂ, ಫೈಟಾಫ್ತೊರಾ, ಫ್ಯುಸೇರಿಯಂ ಮೊದಲಾದ ರೋಗಾಣುಗಳು ನೀರು ನಿಂತ ಮಣ್ಣಿನಲ್ಲಿ ಬೇರನ್ನು ಹಿಡಿದು ಕಾಂಡಕ್ಕೆ ಏರುತ್ತವೆ. ಕಾಂಡದ ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಇದಕ್ಕೆ ಮಣ್ಣಿಗೆ ಔಷಧ ಸುರಿಯುವುದಕ್ಕಿಂತ ಶಸ್ತ್ರಚಿಕಿತ್ಸೆಯೇ ಮೇಲು. ಆಲ್ಕೊಹಾಲಿನಲ್ಲಿ ಒರೆಸಿದ ಬ್ಲೇಡಿನಿಂದ ಕೊಳೆತ ಭಾಗಕ್ಕಿಂತ ಮೇಲೆ ಕತ್ತರಿಸಬೇಕು. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆ ಅಥವಾ ಉಂಗುರ ಕಂಡರೆ ಬ್ಲೇಡನ್ನು ಮತ್ತೆ ಒರೆಸಿ ಇನ್ನೂ ಮೇಲೆ ಕತ್ತರಿಸಬೇಕು. ಪೂರ್ತಿ ಶುಭ್ರವಾದ ಮುಖ ಬಂದ ಮೇಲೆ ಗಂಧಕದ ಪುಡಿ ಸವರಿ, ಐದರಿಂದ ಏಳು ದಿನ ನೆರಳಿನಲ್ಲಿ ಒಣಗಿಸಿ, ಒಣ ಮಣ್ಣಿನಲ್ಲಿ ನೆಟ್ಟು, ಒಂದು ವಾರದ ಬಳಿಕ ನೀರು ಹಾಕಬೇಕು. ಎಚೆವೇರಿಯಾ ಮತ್ತು ಜೇಡ್ ಗಿಡಗಳಲ್ಲಿ ಆರೋಗ್ಯವಂತ ಎಲೆಗಳಿಂದಲೂ ಹೊಸ ಸಸಿ ಪಡೆಯಬಹುದಾದುದರಿಂದ ಸಾಯುವ ಗಿಡದಿಂದಲೂ ಸ್ವಲ್ಪ ಬಂಡವಾಳ ಮರಳಿ ಬರುತ್ತದೆ.

ಗಿಡ ಒಂದೆರಡು ದಿನದಲ್ಲೇ ನೀರಾಗಿ ಕುಸಿದು ದುರ್ವಾಸನೆ ಬಂದರೆ ಅದು ದುಂಡಾಣುವಿನ ಮೆದುಕೊಳೆ. ಶಿಲೀಂಧ್ರನಾಶಕಗಳು ಇದಕ್ಕೆ ನಾಟುವುದಿಲ್ಲ. ಅಂತಹ ಗಿಡವನ್ನು ಮಣ್ಣಿನ ಸಮೇತ ವಿಲೇವಾರಿ ಮಾಡುವುದೇ ಸರಿ. ಅದರ ಮಣ್ಣನ್ನು ಗೊಬ್ಬರದ ಗುಂಡಿಗೆ ಹಾಕಬಾರದು.

ಕೊಳೆಯನ್ನು ತಡೆಯುವ ಉಪಾಯ ಔಷಧದ ಅಂಗಡಿಯಲ್ಲಿ ಇಲ್ಲ, ಕುಂಡದಲ್ಲಿದೆ. ಕುಂಡದ ತಳಕ್ಕೆ ರಂಧ್ರ ಇರಲೇಬೇಕು. ಮಣ್ಣಿನ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಇಟ್ಟಿಗೆ ಚೂರು ಅಥವಾ ಪರ್ಲೈಟ್ ಇರಬೇಕು. ಕೊಕೊಪೀಟ್ ಹಗುರ ಮತ್ತು ಅಗ್ಗವೆಂದು ನರ್ಸರಿಗಳು ಅದರಲ್ಲೇ ಬೆಳೆಸಿ ಕಳಿಸುತ್ತವೆ. ಅಂಗಡಿಯ ನೆರಳಿನಲ್ಲಿ ಅದು ವಾರಗಟ್ಟಲೆ ಒಣಗುವುದಿಲ್ಲ. ನಮ್ಮ ಕುಂಡ ತಯಾರಕ ಸದಸ್ಯರು ಗಮನಿಸಬೇಕಾದ ಸಂಗತಿಯೊಂದಿದೆ: ರಂಧ್ರವಿಲ್ಲದ ಅಲಂಕಾರಿಕ ಕುಂಡವನ್ನು ಕೊಂಡ ಗ್ರಾಹಕನ ಗಿಡ ಸತ್ತರೆ ಅವನು ದೂರುವುದು ಗಿಡವನ್ನು, ಆದರೆ ನಿಲ್ಲಿಸುವುದು ಕುಂಡದ ಖರೀದಿಯನ್ನು.

ಮಿತ್ರಕೀಟಗಳು

ದೊಡ್ಡ ಪ್ರಮಾಣದಲ್ಲಿ ಬೆಳೆಸುವವರು ಜೈವಿಕ ನಿಯಂತ್ರಣವನ್ನೂ ಪರಿಗಣಿಸಬೇಕು. ಆಸ್ಟ್ರೇಲಿಯಾ ಮೂಲದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ದುಂಬಿಯನ್ನು 1898ರಲ್ಲಿ ಭಾರತಕ್ಕೆ ತರಲಾಯಿತು. ಇದರ ದುಂಬಿ ಮತ್ತು ಮರಿಹುಳು ಎರಡೂ ಹಿಟ್ಟು ತಿಗಣೆಯನ್ನು ತಿನ್ನುತ್ತವೆ. ಮರಿಹುಳು ಮೈತುಂಬ ಬಿಳಿ ಮೇಣ ಹೊತ್ತಿದ್ದು ತಿಗಣೆಯಂತೆಯೇ ಕಾಣುವುದರಿಂದ ಅರಿಯದವರು ಮಿತ್ರನನ್ನೇ ಕೊಲ್ಲುತ್ತಾರೆ. ತಿಗಣೆಗಿಂತ ದೊಡ್ಡದಾಗಿದ್ದು ಚುರುಕಾಗಿ ಓಡಾಡಿದರೆ ಅದು ಮಿತ್ರ. 2008ರಲ್ಲಿ ಕೊಯಮತ್ತೂರಿನಲ್ಲಿ ಪರಂಗಿ ಹಿಟ್ಟು ತಿಗಣೆ ಕಾಣಿಸಿಕೊಂಡು ದಕ್ಷಿಣದ ರಾಜ್ಯಗಳಿಗೆ ಹರಡಿದಾಗ, ಬೆಂಗಳೂರಿನ ರಾಷ್ಟ್ರೀಯ ಕೀಟ ಬ್ಯೂರೋ 2010ರಲ್ಲಿ ಪೋರ್ಟೊರಿಕೊದಿಂದ ಪರತಂತ್ರ ಕಣಜಗಳನ್ನು ತರಿಸಿ ಬಿಡುಗಡೆ ಮಾಡಿ ಅದನ್ನು ಹತೋಟಿಗೆ ತಂದಿತು. ತಿಗಣೆಯ ಜಾತಿಯನ್ನು ಖಚಿತವಾಗಿ ಗುರುತಿಸಿದುದರಿಂದಲೇ ಅದಕ್ಕೆ ತಕ್ಕ ಕಣಜವನ್ನು ಆರಿಸಲು ಸಾಧ್ಯವಾಯಿತು.

ಔಷಧ ಬಳಕೆಯಲ್ಲಿ ಎಚ್ಚರಿಕೆ

ಕೀಟನಾಶಕಗಳನ್ನು ಪರವಾನಗಿ ಪಡೆದ ಅಂಗಡಿಯಿಂದ ಬಿಲ್ಲಿನೊಡನೆ ಕೊಳ್ಳಬೇಕು. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ಗಮನಿಸಬೇಕು: ಕೆಂಪು ಅತ್ಯಂತ ತೀವ್ರ ವಿಷ, ಬಳಿಕ ಹಳದಿ, ನೀಲಿ, ಕೊನೆಗೆ ಹಸಿರು. ಮನೆಯೊಳಗೆ ಇಡುವ ಗಿಡಕ್ಕೆ ಕೆಂಪು ತ್ರಿಕೋನದ ಔಷಧವನ್ನು ಬಳಸುವ ಪ್ರಶ್ನೆಯೇ ಇಲ್ಲ. ಮುಚ್ಚಿದ ಅಂಗಡಿಯಲ್ಲಿ ಸಿಂಪಡಿಸಬಾರದು. ಇಮಿಡಾಕ್ಲೋಪ್ರಿಡ್‌ನಂತಹ ಅಂತರ್ವ್ಯಾಪಿ ಔಷಧಗಳು ಜೇನುಹುಳುಗಳಿಗೆ ಮಾರಕವಾದುದರಿಂದ ಹೂಬಿಟ್ಟ ಗಿಡಗಳಿಗೆ ಹಾಕಬಾರದು. ಅಡುಗೆಗೋ ಮೈಗೋ ಬಳಸುವ ಲೋಳೆಸರಕ್ಕೆ ಇಂತಹ ಔಷಧವನ್ನು ಸರ್ವಥಾ ಹಾಕಬಾರದು. ಗ್ರಾಹಕ ಅದನ್ನು ಏನು ಮಾಡುತ್ತಾನೆಂಬುದು ವರ್ತಕನಿಗೆ ತಿಳಿಯದು. ಕಳ್ಳಿಯ ಜಾತಿಯ ಗಿಡಗಳ ಹಾಲು ಕಣ್ಣಿಗೆ ತೀವ್ರ ಅಪಾಯಕಾರಿ. ಕತ್ತರಿಸುವ ಕೆಲಸದವರಿಗೆ ಕೈಗವಸು ಮತ್ತು ಕನ್ನಡಕ ಒದಗಿಸುವುದು ಮಾಲೀಕನ ಹೊಣೆ.

ಲೆಕ್ಕದ ವಿಚಾರ

ಈಗ ಹಣಕಾಸಿನ ಮಾತು. ಹೊಸ ಸರಕನ್ನು ಬಂದ ದಿನವೇ ಹಳೆಯ ಸರಕಿನೊಡನೆ ಸೇರಿಸದೆ ಮೂರು ವಾರ ಪ್ರತ್ಯೇಕವಾಗಿ ಇಡುವುದಕ್ಕೆ ಜಾಗವೂ ಸಮಯವೂ ಬೇಕು. ಇದು ವ್ಯರ್ಥ ಖರ್ಚೇ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ವರ್ತಕನ ಬಳಿ ತಲಾ 50 ರೂಪಾಯಿ ಅಸಲಿನ 600 ಗಿಡಗಳಿವೆ. ಅದೇ ಬೆಲೆಯ 100 ಹೊಸ ಗಿಡಗಳು 5,000 ರೂಪಾಯಿಗೆ ಬಂದಿವೆ. ಅವುಗಳಲ್ಲಿ 10ಕ್ಕೆ ಹಿಟ್ಟು ತಿಗಣೆ ಇದೆ. ಪ್ರತ್ಯೇಕವಾಗಿಟ್ಟು ಪತ್ತೆಹಚ್ಚಿ ಆ ಹತ್ತನ್ನೂ ಬಿಸಾಡಿದರೆ ನಷ್ಟ 500 ರೂಪಾಯಿ. ಬೆರೆಸಿಬಿಟ್ಟು, ಎರಡು ತಿಂಗಳಲ್ಲಿ 700ರ ಕಾಲುಭಾಗ, ಅಂದರೆ 175 ಗಿಡಗಳಿಗೆ ಹರಡಿತು ಎಂದುಕೊಳ್ಳಿ. 75 ಗಿಡ ಸತ್ತರೆ 3,750 ರೂಪಾಯಿ ಹೋಯಿತು. ಉಳಿದ 100 ಗಿಡ ಅಂದಗೆಟ್ಟು 30 ರೂಪಾಯಿಗೆ ಮಾತ್ರ ಮಾರಾಟವಾದರೆ 2,000 ರೂಪಾಯಿ ಹೋಯಿತು. ಒಟ್ಟು ನಷ್ಟ 5,750 ರೂಪಾಯಿ. ಅಂದರೆ ತಂದ ಇಡೀ ಹೊಸ ಸರಕಿನ ಬೆಲೆಗಿಂತ ಹೆಚ್ಚು. ಔಷಧ ಮತ್ತು ಕೂಲಿಯ ಖರ್ಚು ಇದಕ್ಕೆ ಸೇರಿಲ್ಲ.

ವರ್ಷಾಂತ್ಯದಲ್ಲಿ ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಾಟದಿಂದ ನಿವ್ವಳವಾಗಿ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಪತ್ರ ಮಾನಕ 2ರ ನಿಯಮ. ಕೊಂಡು ಮಾರುವ ವರ್ತಕನಿಗೆ ಇದು ಅನ್ವಯಿಸುತ್ತದೆ. ಅರ್ಧ ಕೊಳೆತ ಗಿಡವನ್ನು ಪೂರ್ಣ ಬೆಲೆಗೆ ತೋರಿಸಿದರೆ ಇಲ್ಲದ ಲಾಭವನ್ನು ತೋರಿಸಿ ಅದಕ್ಕೆ ತೆರಿಗೆ ಕೊಟ್ಟಂತಾಗುತ್ತದೆ. ವ್ಯಾಪಾರದಲ್ಲಿ ಸಹಜವಾಗಿ ಆಗುವ ಅಲ್ಪ ನಷ್ಟವನ್ನು ಉಳಿದ ಗಿಡಗಳ ಅಸಲಿಗೆ ಸೇರಿಸಬಹುದು. ಅಸಹಜ ನಷ್ಟವನ್ನು ಆ ವರ್ಷದ ಖರ್ಚಾಗಿಯೇ ಬರೆಯಬೇಕು. ಬಿಸಾಡಿದ ಗಿಡಗಳ ದಿನಾಂಕ, ಸಂಖ್ಯೆ, ಕಾರಣ ಮತ್ತು ಛಾಯಾಚಿತ್ರವನ್ನು ದಾಸ್ತಾನು ಪುಸ್ತಕದೊಡನೆ ಇಟ್ಟರೆ ಮುಂದೆ ಪ್ರಶ್ನೆ ಬಂದಾಗ ಉತ್ತರ ಸಿದ್ಧವಿರುತ್ತದೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಜೀವಂತ ಗಿಡಗಳಿಗೆ ತೆರಿಗೆ ಇಲ್ಲ. ಪಿಂಗಾಣಿ ಕುಂಡ ಮೊದಲಾದವಕ್ಕೆ ಇದೆ. ಕುಂಡಗಳ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆದಿದ್ದು, ಅವು ಗಿಡದೊಡನೆ ನಾಶವಾದರೆ ಅಥವಾ ಉಚಿತ ಕಾಣಿಕೆಯಾಗಿ ಹಂಚಿಹೋದರೆ 17(5)ನೆಯ ಕಲಮಿನ ಪ್ರಕಾರ ಆ ಜಮೆಯನ್ನು ಹಿಂದಿರುಗಿಸಬೇಕು. ಹಬ್ಬದ ಕಾಣಿಕೆ ಹಂಚುವ ಕೈಗಾರಿಕಾ ಸದಸ್ಯರು ಇದನ್ನು ಮರೆಯುವುದುಂಟು. ಬೇವು ಆಧಾರಿತ ಹಾಗೂ ಟ್ರೈಕೊಡರ್ಮದಂತಹ ಜೈವಿಕ ಪೀಡೆನಾಶಕಗಳ ದರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಅವುಗಳನ್ನು ಆರಿಸಲು ಇನ್ನೊಂದು ಕಾರಣ. ಸಾಮಾನ್ಯ ಬೆಂಕಿ ವಿಮೆ ಕೀಟಬಾಧೆಯ ನಷ್ಟವನ್ನು ತುಂಬಿಕೊಡುವುದಿಲ್ಲ ಎಂಬುದೂ ನೆನಪಿರಲಿ. ವಿದೇಶದಿಂದ ಗಿಡ ತರಿಸುವವರಿಗೆ 2003ರ ಸಸ್ಯ ಸಂರೋಧ ಆದೇಶದಂತೆ ಆಮದು ಪರವಾನಗಿಯೂ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಅಂಚೆಯ ಪೊಟ್ಟಣದಲ್ಲಿ ಗುಟ್ಟಾಗಿ ತರಿಸಿದ ನಾಲ್ಕು ಗಿಡಗಳೊಡನೆ ದೇಶದಲ್ಲಿಲ್ಲದ ಹೊಸ ಕೀಟವೊಂದು ಬಂದರೆ ನಷ್ಟ ಆ ವರ್ತಕನೊಬ್ಬನದಲ್ಲ, ಸುತ್ತಲಿನ ರೈತರೆಲ್ಲರದು.

ಅನುಸರಿಸಬೇಕಾದ ದಿನಚರಿ

ಮೇಲ್ಕಂಡ ವಿವರಗಳನ್ನು ಅಂಗಡಿಯ ದಿನಚರಿಗೆ ಹೀಗೆ ಇಳಿಸಬಹುದು.

1. ಹೊಸ ಸರಕನ್ನು 21 ದಿನ ಪ್ರತ್ಯೇಕವಾಗಿ ಇಡುವುದು. ಪ್ರತಿ ಸಾಲಿನಿಂದ ಒಂದೆರಡು ಗಿಡಗಳ ಬೇರನ್ನು ಬಿಚ್ಚಿ ನೋಡುವುದು.

2. ವಾರಕ್ಕೊಮ್ಮೆ ನಿಗದಿತ ದಿನ ಮಸೂರದಿಂದ ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುವುದು.

3. ದಿನ ನೋಡಿ ನೀರು ಹಾಕದೆ, ಕಡ್ಡಿ ಚುಚ್ಚಿ ನೋಡಿ ಹಾಕುವುದು.

4. ಮಳೆಗಾಲಕ್ಕೆ ಮುಂಚೆ ದಾಸ್ತಾನು ಇಳಿಸುವುದು, ಗಿಡಗಳ ನಡುವೆ ಗಾಳಿಯಾಡಲು ಅಂತರ ಬಿಡುವುದು.

5. ಹಬ್ಬದ ಬೇಡಿಕೆಗೆ ತರಿಸುವ ಸರಕು ಕನಿಷ್ಠ ಐದು ವಾರ ಮುಂಚೆ ಬರುವಂತೆ ಆದೇಶ ನೀಡುವುದು. ಆಗ ಕಾಯಿಲೆ ಕಂಡರೂ ಒಂದು ಸುತ್ತಿನ ಚಿಕಿತ್ಸೆಗೆ ಅವಕಾಶವಿರುತ್ತದೆ.

6. ಪ್ರತಿ ಮಾರಾಟದೊಡನೆ ನೀರು ಮತ್ತು ಬೆಳಕಿನ ಬಗ್ಗೆ ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಕೊಡುವುದು.

ಕೊನೆಯ ಅಂಶಕ್ಕೆ ತಗಲುವ ಖರ್ಚು ಕೆಲವು ಪೈಸೆಗಳು. ಆದರೆ ಕೊಂಡುಹೋದ ಗಿಡ ಆರು ತಿಂಗಳು ಬದುಕಿದರೆ ಗ್ರಾಹಕ ಎರಡನೆಯ ಗಿಡಕ್ಕೆ ಬರುತ್ತಾನೆ. ಆರು ವಾರದಲ್ಲಿ ಸತ್ತರೆ ಇನ್ನು ಅಂಗಡಿಯ ಕಡೆ ತಲೆಹಾಕುವುದಿಲ್ಲ. ಸದಸ್ಯರು ತಮ್ಮ ಸರಕನ್ನು ಈ ಕ್ರಮದಲ್ಲಿ ಪರೀಕ್ಷಿಸಿ, ಸಂಶಯವಿದ್ದಾಗ ಕೊಳೆತ ಎಲೆಯ ಮಾದರಿಯನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಯ ಕಚೇರಿಗೋ ಒಯ್ದು ತೋರಿಸಿ, ಬಳಿಕವಷ್ಟೇ ಔಷಧಕ್ಕೆ ಹಣ ವ್ಯಯಿಸಬೇಕೆಂದು ವಿನಂತಿ.